ಕೆಮ್ಮಿಗೆ ಗಡಿ ಇಲ್ಲ, ಗುಳಿಗೆಗೂ ಇರಬಾರದು

ಜತ್, ಅಕ್ಕಲಕೋಟ, ದಕ್ಷಿಣ ಸೋಲಾಪುರ ತಾಲೂಕುಗಳ ಯಾವ ಹಳ್ಳಿಗೆ ಹೋಗಿ ಹಿರಿಯರೊಬ್ಬರ ಕೆಮ್ಮಿನ ಬಗ್ಗೆ ಕೇಳಿದರೂ ಉತ್ತರ ಸಿದ್ಧವಾಗಿರುತ್ತದೆ. ‘ಏನಿಲ್ರಿ, ಬೀಡಿ ಕೆಮ್ಮು.’ ‘ಕಬ್ಬಿನ ಧೂಳು ಹತ್ತೇತಿ.’ ‘ಹಳೀ ದಮ್ಮು, ಥಂಡಿ ಹೋದ್ರ ತಾನ ಹೋಗ್ತದ.’ ಸೋಲಾಪುರದ ಮಗ್ಗದ ಓಣಿಯಲ್ಲಿ ಕೇಳಿದರೆ ನೂಲಿನ ಧೂಳಿನ ಮೇಲೆ ತಪ್ಪು. ಬೀಡಿ ಕಟ್ಟುವ ಮನೆಯಲ್ಲಿ ಕೇಳಿದರೆ ತಂಬಾಕಿನ ಘಾಟಿನ ಮೇಲೆ ತಪ್ಪು. ಹೀಗೆ ಒಂದು ಕೆಮ್ಮಿಗೆ ಹತ್ತು ಹೆಸರು. ಬಾಯಿಗೆ ಬಾರದ ಹೆಸರು ಒಂದೇ, ಕ್ಷಯ.

ಮರಾಠಿಯಲ್ಲೂ ಕ್ಷಯರೋಗ, ಕನ್ನಡದಲ್ಲೂ ಕ್ಷಯರೋಗ. ಗಡಿಯ ಎರಡೂ ಭಾಷೆಗಳಿಗೆ ಸಮನಾಗಿ ಸೇರಿದ ಶಬ್ದಗಳಲ್ಲಿ ಇದೂ ಒಂದು. ಎರಡೂ ಭಾಷೆಯ ಮಂದಿ ಸಮನಾಗಿ ಮುಚ್ಚಿಡುವ ಶಬ್ದವೂ ಇದೇ. ಮುಚ್ಚಿಟ್ಟ ಪ್ರತಿ ತಿಂಗಳೂ ಅದೇ ಮನೆಯ ಇನ್ನೊಬ್ಬರ ಎದೆಗೆ ಬ್ಯಾನಿ ಇಳಿಯುತ್ತಿರುತ್ತದೆ ಎಂಬುದು ಮಾತ್ರ ಯಾರಿಗೂ ಕಾಣುವುದಿಲ್ಲ.

ಪ್ರತಿ ವರ್ಷ ಮಾರ್ಚ್ 24ರಂದು ವಿಶ್ವ ಕ್ಷಯರೋಗ ದಿನ. 1882ರ ಅದೇ ದಿನ ಬರ್ಲಿನ್‌ನಲ್ಲಿ ರಾಬರ್ಟ್ ಕೋಕ್ ಎಂಬ ವೈದ್ಯ ಈ ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಕಂಡುಹಿಡಿದ ಸಂಗತಿ ಪ್ರಕಟಿಸಿದ. ಅದರ ನೆನಪಿಗೆ ಊರೂರಲ್ಲಿ ಪ್ರಭಾತಫೇರಿ, ಬ್ಯಾನರ್, ಪ್ರತಿಜ್ಞೆ, ಫೋಟೊ ಎಲ್ಲ ಆಗುತ್ತವೆ. ಮರುದಿನ ಬ್ಯಾನರ್ ಇಳಿಯುತ್ತದೆ. ಕೆಮ್ಮುವವರು ಮಾತ್ರ ಅದೇ ಕಟ್ಟೆಯ ಮೇಲೆ ಅದೇ ಗೋಡೆಗೆ ಒರಗಿ ಕೂತಿರುತ್ತಾರೆ.

2025ರೊಳಗೆ ದೇಶದಿಂದ ಕ್ಷಯವನ್ನು ತೊಲಗಿಸುವುದಾಗಿ 2018ರ ಮಾರ್ಚ್‌ನಲ್ಲಿ ದಿಲ್ಲಿಯಲ್ಲಿ ಪ್ರಧಾನಿ ಘೋಷಿಸಿದ್ದರು. ಆ ವರ್ಷ ಬಂದು ಹೋಯಿತು, ಬ್ಯಾನಿ ಹೋಗಲಿಲ್ಲ. ಏನೂ ಆಗಲಿಲ್ಲ ಎಂದು ಹೇಳುವುದೂ ತಪ್ಪಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2015ರಲ್ಲಿ ಭಾರತದ ಪ್ರತಿ ಒಂದು ಲಕ್ಷ ಜನರಲ್ಲಿ 237 ಮಂದಿಗೆ ಹೊಸದಾಗಿ ಕ್ಷಯ ತಗಲುತ್ತಿತ್ತು. 2024ರ ಹೊತ್ತಿಗೆ ಅದು 187ಕ್ಕೆ ಇಳಿದಿದೆ. ಸಾವಿನ ಸಂಖ್ಯೆ ಲಕ್ಷಕ್ಕೆ 28ರಿಂದ 21ಕ್ಕೆ ಬಂದಿದೆ. ಆದರೂ ಜಗತ್ತಿನ ನಾಲ್ಕು ಕ್ಷಯರೋಗಿಗಳಲ್ಲಿ ಒಬ್ಬರು ಭಾರತದವರೇ. ಇಳಿಜಾರು ಶುರುವಾಗಿದೆ, ಊರು ಇನ್ನೂ ದೂರ ಇದೆ ಎಂದರೆ ಸರಿಯಾದೀತು.

ಗುಣವಾಗುವ ಬ್ಯಾನಿ, ಹೋಗದ ಅಂಜಿಕೆ

ಜತ್ ಕಡೆಯ ಹಿರಿಯರಿಗೆ ಮಿರಜ್ ಸಮೀಪದ ವಾನ್ಲೆಸ್‌ವಾಡಿಯ ಹೆಸರು ಕೇಳಿದರೆ ಈಗಲೂ ಹಳೆಯ ಕಾಲ ನೆನಪಾಗುತ್ತದೆ. ಕ್ಷಯ ಎಂದರೆ ಊರು ಬಿಟ್ಟು ಆರೋಗ್ಯಧಾಮದಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮಲಗಬೇಕಿದ್ದ ಕಾಲ ಅದು. ಹೋದವರಲ್ಲಿ ಎಷ್ಟೋ ಮಂದಿ ತಿರುಗಿ ಬರಲಿಲ್ಲ. 1936ರಲ್ಲಿ ಕಮಲಾ ನೆಹರೂ ಅವರು ಸ್ವಿಟ್ಜರ್‌ಲೆಂಡಿನಲ್ಲಿ ತೀರಿಕೊಂಡದ್ದು ಇದೇ ರೋಗದಿಂದ. ದುಡ್ಡು, ಹೆಸರು, ವಿದೇಶದ ವೈದ್ಯರು ಯಾವುದೂ ಅಂದು ಕೈ ಹಿಡಿಯಲಿಲ್ಲ. ಆಗ ಔಷಧವೇ ಇರಲಿಲ್ಲ.

ಔಷಧ ಬಂದ ಮೇಲೆ ಎಲ್ಲ ಬದಲಾಯಿತು. 1943ರಲ್ಲಿ ಸ್ಟ್ರೆಪ್ಟೊಮೈಸಿನ್, 1952ರಲ್ಲಿ ಐಸೊನಿಯಾಜಿಡ್, ಮುಂದೆ ರಿಫಾಂಪಿಸಿನ್ ಬಂದವು. 1956ರಲ್ಲಿ ಮದ್ರಾಸಿನ ಕ್ಷಯ ಚಿಕಿತ್ಸಾ ಕೇಂದ್ರದಲ್ಲಿ ಶುರುವಾದ ಅಧ್ಯಯನವೊಂದು ಜಗತ್ತಿಗೇ ದಾರಿ ತೋರಿಸಿತು. ಕಿಕ್ಕಿರಿದ ಬಡವರ ಮನೆಯಲ್ಲೇ ಇದ್ದು ಗುಳಿಗೆ ನುಂಗಿದವರು, ಆರೋಗ್ಯಧಾಮದಲ್ಲಿ ಮಲಗಿ ಗುಳಿಗೆ ನುಂಗಿದವರಷ್ಟೇ ಗುಣವಾದರು. ರೋಗಿ ಮನೆಯಲ್ಲೇ ಉಳಿದದ್ದರಿಂದ ಮನೆಮಂದಿಗೆ ಹೆಚ್ಚಿನ ಅಪಾಯವೂ ಆಗಲಿಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು, 1962ರಲ್ಲಿ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು.

ಅಂದರೆ ರೋಗಿಯನ್ನು ಮನೆಯಿಂದ ಹೊರಗೆ ಹಾಕಬೇಕಾಗಿಲ್ಲ, ಗುಳಿಗೆ ತಪ್ಪಿಸದಿದ್ದರೆ ಸಾಕು ಎಂಬುದು ಅರುವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಗೊತ್ತಾಗಿದೆ. ಗಡಿಭಾಗದ ಮನೆಗಳಲ್ಲಿ ಇನ್ನೂ ಬೇರೆ ತಾಟು, ಬೇರೆ ಚರಗಿ, ಹಿತ್ತಲಲ್ಲಿ ಬೇರೆ ಹಾಸಿಗೆ ನಡೆದೇ ಇದೆ. ತಾಟಿನಿಂದಾಗಲಿ, ಹಾಸಿಗೆಯಿಂದಾಗಲಿ, ಕೈ ಮುಟ್ಟಿದ್ದರಿಂದಾಗಲಿ ಕ್ಷಯ ಹರಡುವುದಿಲ್ಲ. ಅದು ಹರಡುವುದು ಗಾಳಿಯಿಂದ. ಶ್ವಾಸಕೋಶದ ಕ್ಷಯ ಇರುವವರು ಕೆಮ್ಮಿದಾಗ ಹೊರಬೀಳುವ ಸೂಕ್ಷ್ಮಜೀವಿ ಮುಚ್ಚಿದ ಕೋಣೆಯ ಗಾಳಿಯಲ್ಲಿ ಉಳಿಯುತ್ತದೆ. ಅದೇ ಕೋಣೆಯಲ್ಲಿ ಮಲಗುವವರ ಉಸಿರಿಗೆ ಸೇರುತ್ತದೆ. ಆದ್ದರಿಂದ ತಾಟು ಬೇರೆ ಮಾಡುವ ಬದಲು ಕಿಟಕಿ ತೆರೆಯಬೇಕು, ಕೆಮ್ಮುವಾಗ ಬಾಯಿಗೆ ಸೆರಗು ಅಥವಾ ವಸ್ತ್ರ ಹಿಡಿಯಬೇಕು. ಸರಿಯಾದ ಗುಳಿಗೆ ಶುರುವಾದ ಕೆಲವೇ ವಾರಗಳಲ್ಲಿ ರೋಗ ಹರಡುವ ಶಕ್ತಿ ಬಹಳಷ್ಟು ತಗ್ಗುತ್ತದೆ. ಗುಳಿಗೆ ಇಲ್ಲದೆ ಉಳಿದರೆ ಒಬ್ಬ ರೋಗಿಯಿಂದ ವರ್ಷಕ್ಕೆ ಹತ್ತು-ಹದಿನೈದು ಮಂದಿಗೆ ಸೋಂಕು ತಗಲಬಹುದು.

ತಿಂಗಳುಗಟ್ಟಲೆ ಅಲೆದಾಟ

ಗಡಿಭಾಗದ ರೋಗಿಯ ದಾರಿ ಹೇಗಿರುತ್ತದೆ ಎಂಬುದನ್ನು ಕಣ್ಮುಂದೆ ತಂದುಕೊಳ್ಳಬೇಕು. ಮೊದಲ ತಿಂಗಳು ಊರ ಅಂಗಡಿಯ ಕೆಮ್ಮಿನ ಔಷಧ. ಎರಡನೆಯ ತಿಂಗಳು ಸಂತೆಯ ದಿನ ವೈದ್ಯರಿಂದ ಒಂದು ಸೂಜಿ, ನಾಲ್ಕು ಗುಳಿಗೆ. ಅದಕ್ಕೂ ಬಗ್ಗದಿದ್ದರೆ ದೇವರಿಗೆ ಹರಕೆ. ಮೂರನೆಯ ತಿಂಗಳು ಯಾರೋ ಹೇಳಿದರೆಂದು ಸೋಲಾಪುರದ ಖಾಸಗಿ ದವಾಖಾನೆ. ಅಷ್ಟರಲ್ಲಿ ವಿಜಯಪುರದಲ್ಲೋ ಕಲಬುರ್ಗಿಯಲ್ಲೋ ಇರುವ ಬೀಗರು, ‘ಇಲ್ಲಿಗೆ ಕರಕೊಂಡ ಬರ್ರಿ, ಕನ್ನಡದಾಗ ಹೇಳ್ಕೊಬಹುದು’ ಅಂತಾರೆ. ಹೀಗೆ ಎರಡು ರಾಜ್ಯಗಳ ನಾಲ್ಕು ದವಾಖಾನೆ ತಿರುಗಿ ಕಫ ಪರೀಕ್ಷೆ ಆಗುವ ಹೊತ್ತಿಗೆ ಮನೆಯ ಎಮ್ಮೆ ಮಾರಿರುತ್ತದೆ, ಮಗುವಿಗೂ ಕೆಮ್ಮು ಶುರುವಾಗಿರುತ್ತದೆ.

ಈ ಅಲೆದಾಟದ ಅಗತ್ಯವೇ ಇಲ್ಲ ಎಂಬುದು ದುಃಖದ ಸಂಗತಿ. ಎರಡು ವಾರ ಮೀರಿದ ಕೆಮ್ಮು, ಸಂಜೆ ಹೊತ್ತು ಸಣ್ಣ ಜ್ವರ, ರಾತ್ರಿ ಬೆವರು, ಇಳಿಯುವ ತೂಕ, ಹಸಿವಿಲ್ಲದಿರುವುದು, ಕಫದಲ್ಲಿ ರಕ್ತ, ಇವುಗಳಲ್ಲಿ ಯಾವುದೊಂದು ಕಂಡರೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ಸಾಕು. ಕುತ್ತಿಗೆಯಲ್ಲಿ ಗಂಟು ಎದ್ದು ಹೋಗದೆ ಇದ್ದರೂ ತೋರಿಸಬೇಕು. ಕ್ಷಯ ಶ್ವಾಸಕೋಶಕ್ಕಷ್ಟೇ ಅಲ್ಲ, ಗಡ್ಡೆ, ಮೂಳೆ, ಹೊಟ್ಟೆ, ಮಿದುಳು ಎಲ್ಲಿಗೂ ತಗಲಬಹುದು. ಕಫ ಪರೀಕ್ಷೆ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ. ಟ್ರೂನಾಟ್, ಸಿಬಿನಾಟ್ ಎಂಬ ಯಂತ್ರಗಳು ಒಂದೆರಡು ತಾಸಿನಲ್ಲೇ ಸೂಕ್ಷ್ಮಜೀವಿಯನ್ನು ಹಿಡಿಯುತ್ತವೆ. ಮುಖ್ಯ ಔಷಧಕ್ಕೆ ಅದು ಬಗ್ಗುತ್ತದೋ ಇಲ್ಲವೋ ಎಂಬುದನ್ನೂ ತಿಳಿಸುತ್ತವೆ. ಟ್ರೂನಾಟ್ ತಯಾರಾಗುವುದು ಪಕ್ಕದ ಗೋವೆಯಲ್ಲಿ. ರಕ್ತ ತೆಗೆದು ಕ್ಷಯ ಇದೆ-ಇಲ್ಲ ಎಂದು ಹೇಳುತ್ತಿದ್ದ ಹಳೆಯ ಪ್ರತಿಕಾಯ ಪರೀಕ್ಷೆಗಳನ್ನು ನಂಬಲು ಬಾರದು ಎಂದು ಸರ್ಕಾರ 2012ರಲ್ಲೇ ನಿಷೇಧಿಸಿದೆ.

ಖಾಸಗಿ ವೈದ್ಯರ ಮೇಲೂ ಹೊಣೆ ಇದೆ. ಕ್ಷಯ ಪತ್ತೆಯಾದರೆ ಸರ್ಕಾರಕ್ಕೆ ತಿಳಿಸಲೇಬೇಕೆಂಬ ನಿಯಮ 2012ರಿಂದ ಜಾರಿಯಲ್ಲಿದೆ. ಕ್ಷಯದ ಗುಳಿಗೆ ಮಾರುವ ಔಷಧ ಅಂಗಡಿಯವರು ಚೀಟಿ ನೋಡಿಯೇ ಕೊಡಬೇಕು, ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. ತಿಳಿಸಿದರೆ ಗಿರಾಕಿ ಹೋಗುತ್ತಾನೆ ಎಂಬ ಅಂಜಿಕೆ ಬೇಡ. ಸರ್ಕಾರಕ್ಕೆ ಹೆಸರು ಕೊಟ್ಟ ಮೇಲೂ ರೋಗಿ ಅದೇ ಖಾಸಗಿ ವೈದ್ಯರ ಬಳಿ ಚಿಕಿತ್ಸೆ ಮುಂದುವರಿಸಬಹುದು.

ಆರು ತಿಂಗಳೆಂದರೆ ಆರು ತಿಂಗಳು

ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಮೊದಲ ಎರಡು ತಿಂಗಳು ನಾಲ್ಕು ಔಷಧ ಸೇರಿದ ಗುಳಿಗೆ, ಮುಂದಿನ ನಾಲ್ಕು ತಿಂಗಳು ಮೂರು ಔಷಧ ಸೇರಿದ ಗುಳಿಗೆ. ದಿನಾಲೂ ತೂಕಕ್ಕೆ ತಕ್ಕಷ್ಟು ನುಂಗಬೇಕು. ಮೊದಲು ವಾರಕ್ಕೆ ಮೂರು ದಿನ ಕೊಡುತ್ತಿದ್ದ ಪದ್ಧತಿ ಈಗ ಇಲ್ಲ. ಹಳೆಯ ರೋಗಿಗಳ ಮಾತು ಕೇಳಿ ‘ಒಂದ ದಿನಾ ಬಿಟ್ಟ ಒಂದ ದಿನಾ’ ನುಂಗುವವರು ಇದನ್ನು ಗಮನಿಸಬೇಕು.

ಗುಳಿಗೆ ಬಿಡಲು ಎರಡು ಕಾರಣ ಎಲ್ಲ ಕಡೆ ಕೇಳಿಬರುತ್ತವೆ. ಮೊದಲನೆಯದು ಅಂಜಿಕೆ. ಗುಳಿಗೆ ಶುರುವಾದ ದಿನವೇ ಮೂತ್ರ ಕೆಂಪು-ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ರಕ್ತ ಹೊಂಟಿತು ಎಂದು ಹೆದರಿ ಗುಳಿಗೆಯನ್ನು ತಿಪ್ಪೆಗೆ ಎಸೆಯುವವರಿದ್ದಾರೆ. ಅದು ರಕ್ತ ಅಲ್ಲ, ರಿಫಾಂಪಿಸಿನ್ ಔಷಧದ ಬಣ್ಣ. ಈ ಒಂದು ಮಾತನ್ನು ಮೊದಲ ದಿನವೇ ರೋಗಿಗೆ ತಿಳಿಯುವ ಭಾಷೆಯಲ್ಲಿ ಹೇಳಿದರೆ ಎಷ್ಟೋ ಮಂದಿ ಉಳಿಯುತ್ತಾರೆ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ಕಣ್ಣು ಮಂಜಾದರೆ ಅದು ಬೇರೆ ಮಾತು, ಅಂದೇ ವೈದ್ಯರಲ್ಲಿಗೆ ಹೋಗಬೇಕು.

ಎರಡನೆಯದು ನೆಟ್ಟಗಾದೆ ಎಂಬ ಭ್ರಮೆ. ಎರಡು ತಿಂಗಳಲ್ಲಿ ಕೆಮ್ಮು ನಿಲ್ಲುತ್ತದೆ, ಹಸಿವು ಹುಟ್ಟುತ್ತದೆ, ಮೈ ತುಂಬುತ್ತದೆ. ‘ಆರಾಮ ಆಗೇನಿ, ಇನ್ಯಾಕ ಗುಳಿಗಿ’ ಎಂದು ಬಿಟ್ಟರೆ ಒಳಗೆ ಉಳಿದ ಗಟ್ಟಿ ಜೀವಿಗಳು ಮತ್ತೆ ಬೆಳೆಯುತ್ತವೆ. ಈ ಸಲ ಅವು ಹಳೆಯ ಔಷಧಕ್ಕೆ ಬಗ್ಗದಿರಬಹುದು. ಅಂಥ ಬಗ್ಗದ ಕ್ಷಯಕ್ಕೆ ಹಿಂದೆ ಒಂದೂವರೆ-ಎರಡು ವರ್ಷ ಚಿಕಿತ್ಸೆ ಬೇಕಾಗುತ್ತಿತ್ತು. 2024ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಆರು ತಿಂಗಳ ಹೊಸ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿದ್ದು ದೊಡ್ಡ ಸಮಾಧಾನ. ಆದರೆ ಬಗ್ಗದ ಕ್ಷಯವನ್ನು ಮನೆಗೆ ಕರೆದು ಆಮೇಲೆ ಓಡಿಸುವುದಕ್ಕಿಂತ ಮೊದಲಿನ ಆರು ತಿಂಗಳು ಮುಗಿಸುವುದು ಜಾಣತನ.

ಕೊಯ್ತಾ ಹಿಡಿದು ಹೊರಟವರು

ಗಡಿಭಾಗದಲ್ಲಿ ಈ ಆರು ತಿಂಗಳ ಲೆಕ್ಕ ತಪ್ಪುವುದಕ್ಕೆ ಇನ್ನೊಂದು ಕಾರಣವಿದೆ, ಅದು ಸುಗ್ಗಿ. ಗಣೇಶ ಚೌತಿಯ ಹೊತ್ತಿಗೆ ಗುಳಿಗೆ ಶುರುವಾದರೆ ದೀಪಾವಳಿ ಸುತ್ತಮುತ್ತ ಎರಡು ತಿಂಗಳು ತುಂಬುತ್ತದೆ. ಕೆಮ್ಮು ನಿಂತಿರುತ್ತದೆ. ಅದೇ ಹೊತ್ತಿಗೆ ಮುಕಾದಮನ ಟ್ರಾಕ್ಟರ್ ಓಣಿಗೆ ಬಂದು ನಿಂತಿರುತ್ತದೆ. ಉಚಲ ತೆಗೆದುಕೊಂಡಾಗಿದೆ, ಆ ದುಡ್ಡು ಮಗಳ ಮದುವೆಗೋ ಹಳೆಯ ಸಾಲಕ್ಕೋ ಹೋಗಿದೆ. ಗಂಡ-ಹೆಂಡತಿ ಸೇರಿದರೆ ಒಂದು ಕೊಯ್ತಾ. ಒಬ್ಬರು ಹಿಂದೆ ಉಳಿದರೆ ಇಬ್ಬರ ಕೂಲಿಯೂ ಹೋಗುತ್ತದೆ. ಟೋಳಿಯವರಿಗೆ ಗೊತ್ತಾದರೆ ಜೊತೆಗೆ ಕರೆದೊಯ್ಯುವುದಿಲ್ಲ ಎಂದು ಬ್ಯಾನಿಯ ಸುದ್ದಿಯನ್ನೇ ಮುಚ್ಚಿಡುತ್ತಾರೆ. ಗುಳಿಗೆಯ ಪಟ್ಟಿ ಊರಲ್ಲೇ ಉಳಿಯುತ್ತದೆ, ಮಂದಿ ಸಾಂಗ್ಲಿಗೋ ಕೊಲ್ಹಾಪುರಕ್ಕೋ ಬೆಳಗಾವಿ ಕಡೆಗೋ ಹೊರಡುತ್ತಾರೆ.

ಆರು ಮಂದಿ ಮಲಗುವ ಗುಡಿಸಲು, ನಸುಕಿನ ಥಂಡಿ, ಅರೆಹೊಟ್ಟೆ, ಮೈಮುರಿಯುವ ದುಡಿತ. ನಿಂತ ಕೆಮ್ಮು ಮರಳಿ ಬರಲು ಇದಕ್ಕಿಂತ ಹೆಚ್ಚಿನದು ಏನು ಬೇಕು? ಯುಗಾದಿಗೆ ಊರಿಗೆ ತಿರುಗುವಾಗ ಒಬ್ಬರ ಕ್ಷಯ ಮೂವರದಾಗಿರಬಹುದು.

ಇದಕ್ಕೆ ದಾರಿ ಇಲ್ಲದೆ ಇಲ್ಲ. ಸರ್ಕಾರ 2012ರಿಂದ ನಡೆಸುತ್ತಿರುವ ನಿಕ್ಷಯ ಎಂಬ ಕಂಪ್ಯೂಟರ್ ದಾಖಲೆಯಲ್ಲಿ ಪ್ರತಿ ರೋಗಿಗೂ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆ ಇಡೀ ದೇಶಕ್ಕೆ ಒಂದೇ. ಸೋಲಾಪುರ ಜಿಲ್ಲೆಯಲ್ಲಿ ಶುರುವಾದ ಚಿಕಿತ್ಸೆಯನ್ನು ಅದೇ ಸಂಖ್ಯೆಯ ಮೇಲೆ ಇಂಡಿಯಲ್ಲಿ, ಅಥಣಿಯಲ್ಲಿ, ಅಫಜಲಪುರದಲ್ಲಿ ಮುಂದುವರಿಸಬಹುದು. ಹೊರಡುವ ಮುಂಚೆ ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ‘ಇಂಥಾ ಊರಿಗೆ ಹೊಂಟೇವ್ರಿ’ ಎಂದು ಹೇಳಿ, ಹೆಸರು ವರ್ಗ ಮಾಡಿಸಿಕೊಂಡು, ದಾರಿಗೆ ಬೇಕಾಗುವಷ್ಟು ಗುಳಿಗೆ ಕೇಳಿ ಪಡೆಯಬೇಕು. ಬುತ್ತಿ ಕಟ್ಟುವಾಗ ಹಿಟ್ಟಿನ ಚೀಲದ ಜೊತೆ ಗುಳಿಗೆಯ ಚೀಲವೂ ಗಾಡಿ ಏರಬೇಕು. ಏನಾದರೂ ತೊಡಕಾದರೆ 1800-11-6666 ಎಂಬ ಉಚಿತ ಸಹಾಯವಾಣಿ ಇದೆ.

ಸಕ್ಕರೆ ಕಾರ್ಖಾನೆಗಳೂ ಮುಕಾದಮರೂ ಇದರಲ್ಲಿ ಕೈ ಜೋಡಿಸಬೇಕು. ಸುಗ್ಗಿ ಶುರುವಾದ ಮೊದಲ ವಾರದಲ್ಲೇ ಟೋಳಿಗಳ ಬಿಡಾರದಲ್ಲಿ ಒಂದು ಕಫ ತಪಾಸಣೆ ಶಿಬಿರ ನಡೆಸುವುದು ಕಾರ್ಖಾನೆಗೆ ಭಾರವೇನಲ್ಲ. ರೋಗ ಇದೆ ಎಂದು ಹೇಳಿದವರ ಉಚಲ ಕಿತ್ತುಕೊಳ್ಳುವುದಿಲ್ಲ ಎಂಬ ಭರವಸೆ ಮುಕಾದಮನಿಂದ ಬಂದರೆ ಅರ್ಧ ಕೆಲಸ ಆದಂತೆ.

ತವರಿಗೆ ಕಳಿಸಿದ ಸೊಸೆ

ಈ ಗಡಿ ನಕಾಶೆಯ ಮೇಲಷ್ಟೇ ಇದೆ. ಮದುವೆ ಸಂಬಂಧಗಳು ಅದನ್ನು ಎಂದೂ ಲೆಕ್ಕಕ್ಕೆ ಹಿಡಿದಿಲ್ಲ. ಹೆಣ್ಣು ಚಡಚಣದವಳಾದರೆ ಗಂಡು ಮಂದ್ರೂಪದವ. ಗಂಡನ ಮನೆ ದುಧನಿಯಲ್ಲಿದ್ದರೆ ತವರು ಆಳಂದದಲ್ಲಿ. ಸೊಸೆಗೆ ಕ್ಷಯ ಎಂದು ಗೊತ್ತಾದ ದಿನ ಈ ನಂಟಿನ ಇನ್ನೊಂದು ಮುಖ ಕಾಣುತ್ತದೆ. ‘ಸ್ವಲ್ಪ ದಿನಾ ತವರಮನ್ಯಾಗ ಇದ್ದ ಬಾರವ್ವಾ’ ಎಂದು ಬಸ್ಸು ಹತ್ತಿಸುತ್ತಾರೆ. ಆಕೆಯ ಚಿಕಿತ್ಸೆಯ ಕಾರ್ಡು ಮಹಾರಾಷ್ಟ್ರದಲ್ಲಿ, ಆಕೆ ಕರ್ನಾಟಕದಲ್ಲಿ. ಆಧಾರ ಕಾರ್ಡಿನ ವಿಳಾಸ ಒಂದು ಕಡೆ, ಬ್ಯಾಂಕ್ ಖಾತೆ ಇನ್ನೊಂದು ಕಡೆ. ತವರಿನವರೂ ನಾಲ್ಕು ಮಂದಿಗೆ ತಿಳಿಯಬಾರದೆಂದು ಆರೋಗ್ಯ ಕೇಂದ್ರದ ಮೆಟ್ಟಿಲು ಹತ್ತುವುದಿಲ್ಲ. ಗುಳಿಗೆ ಅಲ್ಲಿಗೆ ನಿಲ್ಲುತ್ತದೆ.

ಲಗ್ನವಾಗದ ಹುಡುಗಿಯಾದರಂತೂ ಕೇಳುವುದೇ ಬೇಡ. ಗುಣವಾಗಿ ವರ್ಷಗಳಾದ ಮೇಲೂ ಸಂಬಂಧ ಮುರಿಯುವವರಿದ್ದಾರೆ. ಅದೇ ಗಂಡಿಗೆ ಕ್ಷಯವಾಗಿದ್ದರೆ ಯಾರೂ ಕೇಳುವುದಿಲ್ಲ. ಚಿಕಿತ್ಸೆ ಮುಗಿಸಿ ಗುಣವಾದ ಹೆಣ್ಣುಮಗಳು ಎಲ್ಲರಂತೆ ಲಗ್ನವಾಗಬಹುದು, ಮಕ್ಕಳನ್ನು ಹಡೆಯಬಹುದು, ಹೊಲ-ಮನೆ ನೋಡಿಕೊಳ್ಳಬಹುದು. ಚಿಕಿತ್ಸೆ ನಡೆದಿರುವಾಗಲೂ ವೈದ್ಯರ ಸಲಹೆಯಂತೆ ತಾಯಿ ಮಗುವಿಗೆ ಮೊಲೆಹಾಲು ಕೊಡಬಹುದು. ಸೊಸೆಯನ್ನು ತವರಿಗೆ ಕಳಿಸುವುದೇ ಆದರೆ ಸೀರೆ-ಕುಪ್ಪಸದ ಜೊತೆ ನಿಕ್ಷಯ ಸಂಖ್ಯೆ ಬರೆದ ಚೀಟಿಯನ್ನೂ ಕಳಿಸಬೇಕು. ಕಳಿಸದೇ ಮನೆಯಲ್ಲೇ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಗುಳಿಗೆ ನುಂಗುವ ಸೊಸೆಯಿಂದ ಮನೆಗೆ ಅಪಾಯವಿಲ್ಲ. ಗುಳಿಗೆ ನುಂಗದೆ, ಬೀಡಿ ಕೆಮ್ಮು ಎಂದು ಪಡಸಾಲೆಯಲ್ಲಿ ಕೂತ ಮಾವನಿಂದ ಇರಬಹುದು.

ರೊಟ್ಟಿಯೂ ಔಷಧವೇ

ಕ್ಷಯದ ಸೂಕ್ಷ್ಮಜೀವಿ ಮೈಯೊಳಗೆ ಇದ್ದವರೆಲ್ಲ ರೋಗಿಗಳಾಗುವುದಿಲ್ಲ. ಜಗತ್ತಿನ ನಾಲ್ವರಲ್ಲಿ ಒಬ್ಬರ ಮೈಯಲ್ಲಿ ಅದು ಸೇರಿದೆ ಎಂಬ ಅಂದಾಜಿದೆ. ಅವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಮಾತ್ರ ಜೀವಮಾನದಲ್ಲಿ ರೋಗ ತಲೆ ಎತ್ತುತ್ತದೆ. ಮೈಯ ಶಕ್ತಿ ಕುಂದಿದಾಗ ಅದು ಏಳುತ್ತದೆ. ಅರೆಹೊಟ್ಟೆ, ಸಕ್ಕರೆ ಕಾಯಿಲೆ, ಎಚ್‌ಐವಿ, ತಂಬಾಕು, ಕುಡಿತ, ಇವು ಅದನ್ನು ಎಬ್ಬಿಸುವ ಕೈಗಳು. ಸಕ್ಕರೆ ಕಾಯಿಲೆ ಇದ್ದವರಿಗೆ ಕ್ಷಯದ ಅಪಾಯ ಎರಡು-ಮೂರು ಪಟ್ಟು ಹೆಚ್ಚು. ಸಕ್ಕರೆ ಇದ್ದವರು ಕೆಮ್ಮಿದರೆ ಕಫ ಪರೀಕ್ಷೆ, ಕ್ಷಯ ಇದ್ದವರಿಗೆ ಸಕ್ಕರೆ ಪರೀಕ್ಷೆ, ಎರಡೂ ಆಗಲೇಬೇಕು.

ಹೊಟ್ಟೆಯ ಮಾತಂತೂ ಈಗ ಲೆಕ್ಕ ಸಮೇತ ಸಾಬೀತಾಗಿದೆ. ಜಾರ್ಖಂಡದಲ್ಲಿ ನಡೆದ ಅಧ್ಯಯನವೊಂದರ ಫಲ 2023ರಲ್ಲಿ ಪ್ರಕಟವಾಯಿತು. ಕ್ಷಯರೋಗಿಗಳ ಮನೆಮಂದಿಗೆ ಪ್ರತಿ ತಿಂಗಳು ಧಾನ್ಯ, ಬೇಳೆ ಮುಂತಾದ ಆಹಾರ ಕೊಟ್ಟಾಗ ಆ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ನೂರಕ್ಕೆ 39ರಷ್ಟು ಕಡಿಮೆಯಾಯಿತು. ಇದಕ್ಕೆ ದುಬಾರಿ ಟಾನಿಕ್ ಬೇಕಿಲ್ಲ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಸೋಲಾಪುರದ ಶೇಂಗಾ ಚಟ್ನಿ, ಒಂದು ತತ್ತಿ, ಒಂದು ಲೋಟ ಹಾಲು ಸಾಕು. ರೋಗಿಯ ತಾಟಿಗೆ ಎಲ್ಲರಿಗಿಂತ ಮೊದಲು ಬಡಿಸಬೇಕು. ಮನೆಯ ಹೆಣ್ಣುಮಗಳೇ ರೋಗಿಯಾದಾಗ, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ರೂಢಿಯನ್ನು ಆ ಆರು ತಿಂಗಳಾದರೂ ಬಿಡಿಸಬೇಕು.

2018ರಿಂದ ಸರ್ಕಾರ ಪೌಷ್ಟಿಕ ಆಹಾರಕ್ಕೆಂದು ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಹಾಕುತ್ತಿತ್ತು. 2024ರ ನವೆಂಬರ್‌ನಿಂದ ಅದನ್ನು 1000 ರೂಪಾಯಿಗೆ ಏರಿಸಲಾಗಿದೆ. ಖಾತೆ ಇಲ್ಲ, ಆಧಾರ ಜೋಡಣೆ ಆಗಿಲ್ಲ, ಹೆಸರಿನ ಅಕ್ಷರ ಮರಾಠಿಯಲ್ಲಿ ಒಂದು, ಕನ್ನಡ ದಾಖಲೆಯಲ್ಲಿ ಇನ್ನೊಂದು ಎಂಬ ಕಾರಣಕ್ಕೆ ಈ ಹಣ ನಿಲ್ಲಬಾರದು. ಗುಳಿಗೆ ಮುಗಿದ ಮೇಲೆ ಬಂದ ಹಣದಿಂದ ರೋಗಿಯ ಹೊಟ್ಟೆ ತುಂಬುವುದಿಲ್ಲ.

ಮನೆಯಲ್ಲಿ ಒಬ್ಬರಿಗೆ ಕ್ಷಯ ಬಂದರೆ ಉಳಿದವರೆಲ್ಲರ ತಪಾಸಣೆ ಆಗಬೇಕು. ರೋಗ ಇಲ್ಲವೆಂದು ಖಚಿತವಾದ ಮೇಲೆ ಮಕ್ಕಳೂ ಸೇರಿದಂತೆ ಮನೆಮಂದಿಗೆ ರೋಗ ಬಾರದಂತೆ ತಡೆಯುವ ಗುಳಿಗೆಯೂ ಸರ್ಕಾರಿ ಕೇಂದ್ರದಲ್ಲಿ ಇದೆ. ಹುಟ್ಟಿದ ಕೂಸಿಗೆ ಹಾಕುವ ಬಿಸಿಜಿ ಲಸಿಕೆ ಮಕ್ಕಳಿಗೆ ಬರುವ ಘೋರ ಕ್ಷಯವನ್ನು ತಡೆಯುತ್ತದೆ. ‘ಸಣ್ಣಾಂವಿದ್ದಾಗ ಸೂಜಿ ಹಾಕ್ಸೇವಿ, ಇವಗ ಬರೂದಿಲ್ಲ’ ಎಂದು ದೊಡ್ಡವರ ಕೆಮ್ಮನ್ನು ಅಲಕ್ಷ್ಯ ಮಾಡುವಂತಿಲ್ಲ.

ಗೋಡೆಯ ಮೇಲಿನ ಮರಾಠಿ, ಮನೆಯೊಳಗಿನ ಕನ್ನಡ

ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಖೋಕಲಾ ಎಂದು ಬರೆದಿರುತ್ತದೆ. ಒಳಗೆ ಕೂತ ಅಜ್ಜಿಗೆ ಗೊತ್ತಿರುವುದು ಕೆಮ್ಮು. ಆಠವಡಾ ಎಂದರೆ ವಾರ ಎಂದು ಪೇಟೆಗೆ ಹೋಗಿ ಬರುವವರಿಗೆ ತಿಳಿಯುತ್ತದೆ, ಅಡುಗೆಮನೆ ಬಿಟ್ಟು ಬಾರದವರಿಗೆ ತಿಳಿಯುವುದಿಲ್ಲ. ಮಹಾರಾಷ್ಟ್ರ ಸರ್ಕಾರ ಮರಾಠಿಯಲ್ಲಿ ಬರೆದದ್ದರಲ್ಲಿ ತಪ್ಪೇನೂ ಇಲ್ಲ. ಅದು ರಾಜ್ಯದ ಭಾಷೆ. ಆದರೆ ಪಕ್ಕದಲ್ಲೇ ಎರಡು ಸಾಲು ಕನ್ನಡವೂ ಇರಲಿ ಎಂದು ಕೇಳುವುದು ಭಾಷಾ ಜಗಳವಲ್ಲ. ಒಂದು ಪ್ರದೇಶದ ಜನರಲ್ಲಿ ನೂರಕ್ಕೆ 15ರಷ್ಟಾದರೂ ಬೇರೆ ಭಾಷೆ ಆಡುವವರಿದ್ದರೆ ಮುಖ್ಯ ಸರ್ಕಾರಿ ಸೂಚನೆಗಳನ್ನು ಆ ಭಾಷೆಯಲ್ಲೂ ಕೊಡಬೇಕೆಂಬುದು ಭಾಷಾ ಅಲ್ಪಸಂಖ್ಯಾತರಿಗಾಗಿ ದೇಶ ಒಪ್ಪಿಕೊಂಡ ರಕ್ಷಣೆಗಳಲ್ಲೇ ಇದೆ. ಜತ್, ಅಕ್ಕಲಕೋಟ ತಾಲೂಕುಗಳಲ್ಲಿ ಕನ್ನಡ ಆಡುವವರು ಅದಕ್ಕಿಂತ ಹೆಚ್ಚಿದ್ದಾರೆ.

ಹೊಸದಾಗಿ ಅಚ್ಚು ಹಾಕುವ ಖರ್ಚೂ ಬೇಕಿಲ್ಲ. ಕರ್ನಾಟಕದ ಆರೋಗ್ಯ ಇಲಾಖೆಯ ಕನ್ನಡ ಕರಪತ್ರಗಳಿವೆ. ವಿಜಯಪುರ, ಕಲಬುರ್ಗಿ, ಬೆಳಗಾವಿಯ ಜಿಲ್ಲಾ ಕ್ಷಯರೋಗ ಅಧಿಕಾರಿಗಳೂ ಸೋಲಾಪುರ, ಸಾಂಗ್ಲಿಯ ಅಧಿಕಾರಿಗಳೂ ವರ್ಷಕ್ಕೆರಡು ಬಾರಿ ಒಂದೇ ಮೇಜಿನ ಸುತ್ತ ಕೂತರೆ ಕರಪತ್ರವೂ ಈ ಕಡೆ ಬರುತ್ತದೆ, ಗಡಿ ದಾಟಿದ ರೋಗಿಗಳ ಪಟ್ಟಿಯೂ ಆ ಕಡೆ ಹೋಗುತ್ತದೆ. ಗಡಿ ವಿವಾದ ಇತ್ಯರ್ಥವಾಗುವವರೆಗೆ ಕೆಮ್ಮು ಕಾಯುವುದಿಲ್ಲ.

ಸರ್ಕಾರದ ದಾರಿ ನೋಡುತ್ತ ಕೂಡುವುದೂ ಬೇಕಿಲ್ಲ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಅಲ್ಲಿಯ ಮಕ್ಕಳು ಮರಾಠಿ ಫಲಕ ಓದಿ ಮನೆಯಲ್ಲಿ ಕನ್ನಡದಲ್ಲಿ ಹೇಳಬಲ್ಲರು. ಮಾಸ್ತರರು ಒಂದು ದಿನದ ಮನೆಗೆಲಸವಾಗಿ ‘ನಿಮ್ಮ ಮನೆಯಲ್ಲಿ ಎರಡು ವಾರದಿಂದ ಕೆಮ್ಮುವವರು ಯಾರಿದ್ದಾರೆ’ ಎಂದು ಕೇಳಿ ಬರಲು ಹೇಳಿದರೂ ಸಾಕು. ಗುಡ್ಡಾಪುರದ ದಾನಮ್ಮದೇವಿ ಜಾತ್ರೆ, ಸೋಲಾಪುರದ ಸಿದ್ಧೇಶ್ವರ ಗಡ್ಡಾ ಯಾತ್ರೆಗಳಿಗೆ ಎರಡೂ ರಾಜ್ಯದ ಭಕ್ತರು ಸೇರುತ್ತಾರೆ. ದಾಸೋಹದ ಪಕ್ಕ ಒಂದು ತಪಾಸಣೆ ಮೇಜು, ಧ್ವನಿವರ್ಧಕದಲ್ಲಿ ಕನ್ನಡದ ನಾಲ್ಕು ಮಾತು ಇದ್ದರೆ ದೇವಿಯೇನೂ ಬೇಡ ಅನ್ನುವುದಿಲ್ಲ. ಕನ್ನಡ ಸಂಘಗಳು ರಾಜ್ಯೋತ್ಸವದ ವೇದಿಕೆಯ ಮೇಲೆ ಗುಣವಾದ ಒಬ್ಬರನ್ನು, ಅವರು ಒಪ್ಪಿದರೆ, ಕರೆದು ಮಾತಾಡಿಸಲಿ. ಯಾವ ಕರಪತ್ರಕ್ಕೂ ಇಲ್ಲದ ಬಲ ಆ ಮಾತಿಗೆ ಇರುತ್ತದೆ.

ಆಗಬೇಕಾದದ್ದು

ಗ್ರಾಮ ಪಂಚಾಯತಿಗಳನ್ನು ಕ್ಷಯಮುಕ್ತ ಎಂದು ಘೋಷಿಸುವ ಯೋಜನೆ 2023ರಿಂದ ನಡೆದಿದೆ. ಅದರ ನಿಯಮದಂತೆ ವರ್ಷಕ್ಕೆ ಸಾವಿರ ಜನರಲ್ಲಿ ಕನಿಷ್ಠ 30 ಮಂದಿಯ ಪರೀಕ್ಷೆಯಾಗಬೇಕು, ರೋಗಿಗಳು ಒಂದಕ್ಕಿಂತ ಹೆಚ್ಚಿರಬಾರದು. ಉದ್ದೇಶ ಒಳ್ಳೆಯದು. ಆದರೆ ಪ್ರಮಾಣಪತ್ರದ ಆಸೆಗೆ ರೋಗಿಯನ್ನೇ ಲೆಕ್ಕದಿಂದ ಬಿಡುವ ಕೆಲಸ ಎಲ್ಲೂ ಆಗಬಾರದು. ಪಟ್ಟಿಯಲ್ಲಿ ರೋಗಿ ಇಲ್ಲದ ಊರಿಗಿಂತ, ಇದ್ದ ರೋಗಿಯನ್ನು ಹುಡುಕಿ ಗುಣಪಡಿಸಿದ ಊರಿಗೆ ಹೆಚ್ಚು ಮರ್ಯಾದೆ ಸಲ್ಲಬೇಕು.

ಸರ್ಕಾರವೂ ತನ್ನ ಮಾತು ಉಳಿಸಿಕೊಳ್ಳಬೇಕು. 2024ರ ಮೊದಲ ತಿಂಗಳುಗಳಲ್ಲಿ ಹಲವು ಕಡೆ ಕ್ಷಯದ ಗುಳಿಗೆಯ ಕೊರತೆಯಾಗಿ, ಸ್ಥಳೀಯವಾಗಿ ಖರೀದಿಸಿಕೊಳ್ಳಿ ಎಂದು ಕೇಂದ್ರವೇ ರಾಜ್ಯಗಳಿಗೆ ಬರೆಯಬೇಕಾಯಿತು. ಒಂದು ದಿನವೂ ಗುಳಿಗೆ ತಪ್ಪಿಸಬೇಡಿ ಎಂದು ರೋಗಿಗೆ ಹೇಳುವ ಸರ್ಕಾರ ತಾನೇ ತಪ್ಪಿಸಿದರೆ ಜನ ಯಾರನ್ನು ನಂಬಬೇಕು? ಹದಿನೈದು ಮೈಲು ಬಸ್ಸಿಗೆ ದುಡ್ಡು ಕೊಟ್ಟು ಬಂದವರನ್ನು ‘ನಾಳೆ ಬರ್ರಿ’ ಎಂದು ತಿರುಗಿ ಕಳಿಸಿದರೆ ಅವರು ಮತ್ತೆ ಬರುವುದಿಲ್ಲ.

ಉಳಿದದ್ದು ಮನೆಯ ಕೆಲಸ. ಪರೀಕ್ಷೆ ಉಚಿತ, ಗುಳಿಗೆ ಉಚಿತ, ಗಡಿಯ ಈಚೆಗೂ ಆಚೆಗೂ ಅದೇ ಗುಳಿಗೆ, ಅದೇ ಆರು ತಿಂಗಳು. ಇಷ್ಟಿದ್ದೂ ಮಂದಿ ಸಾಯುವುದು ಹೆಸರು ಹೇಳಲು ನಾಚಿ, ನಡುವೆ ಗುಳಿಗೆ ಬಿಟ್ಟು. ಇಂದು ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಯಾರಾದರೂ ಕೆಮ್ಮಿದರೆ, ಎಷ್ಟು ದಿನದಿಂದ ಎಂದು ಕೇಳಬೇಕು. ಎರಡು ವಾರ ದಾಟಿದ್ದರೆ ನಾಳೆ ಬೆಳಿಗ್ಗೆ ಹೊಲದ ಕೆಲಸ ಒಂದು ತಾಸು ತಡವಾದರೂ ಚಿಂತೆಯಿಲ್ಲ, ಕೈ ಹಿಡಿದು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಬೇಕು.